ಒಂದು ಬೆಕ್ಕಿಗೆ ಎರಡು ಸ್ಲಾಟ್

2017ರ ನವೆಂಬರ್ ಕೊನೆಯಲ್ಲಿ ಇಥೀರಿಯಂ ಬ್ಲಾಕ್‌ಚೈನಿನ ಮೇಲೆ ಕ್ರಿಪ್ಟೊಕಿಟೀಸ್ ಎಂಬ ಆಟ ಶುರುವಾಯಿತು. ಡಿಜಿಟಲ್ ಬೆಕ್ಕು ಕೊಳ್ಳುವುದು, ಎರಡು ಬೆಕ್ಕುಗಳನ್ನು ಜೋಡಿ ಮಾಡಿ ಮರಿ ಹಾಕಿಸುವುದು, ಮರಿಯನ್ನು ಮಾರುವುದು, ಆಟ ಇಷ್ಟೇ. ಡಿಸೆಂಬರ್ ಮೊದಲ ವಾರದ ಹೊತ್ತಿಗೆ ಜನ ಮುಗಿಬಿದ್ದ ರಭಸಕ್ಕೆ ಇಡೀ ಜಾಲ ಏದುಸಿರು ಬಿಡತೊಡಗಿತು. ಬೆಕ್ಕಿನ ಗೊಡವೆಯೇ ಇಲ್ಲದವರ ಹಣ ವರ್ಗಾವಣೆಗಳೂ ಸಾಲಿನಲ್ಲಿ ಕಾದು ನಿಂತವು, ಶುಲ್ಕ ಏರಿತು. ಈ ಗದ್ದಲದ ಸುದ್ದಿ ಎಲ್ಲೆಡೆ ಬಂತು. ಆದರೆ ಆ ಆಟದಲ್ಲಿ ಕಲಿಯುವಂಥದ್ದು ಇದ್ದದ್ದು ಅದರ ಕೋಡಿನ ಒಳಗೆ, ಬೆಕ್ಕೊಂದರ ದಾಖಲೆಯನ್ನು ಬರೆದಿಟ್ಟ ರೀತಿಯಲ್ಲಿ.

ಆ ದಾಖಲೆಯಲ್ಲಿ ಎಂಟು ಅಂಶಗಳಿವೆ. ಮೊದಲನೆಯದು ಬೆಕ್ಕಿನ ವಂಶವಾಹಿ. ಅದಕ್ಕೆ 256 ಬಿಟ್. ಆಮೇಲೆ ಹುಟ್ಟಿದ ಸಮಯಕ್ಕೆ 64 ಬಿಟ್, ಮುಂದಿನ ಮರಿಗೆ ಕಾಯಬೇಕಾದ ಬ್ಲಾಕಿನ ಸಂಖ್ಯೆಗೆ 64, ತಾಯಿಯ ಸಂಖ್ಯೆಗೆ 32, ತಂದೆಯ ಸಂಖ್ಯೆಗೆ 32, ಸದ್ಯ ಗಬ್ಬವಾಗಿದ್ದರೆ ಯಾವ ಗಂಡಿನಿಂದ ಎಂಬುದಕ್ಕೆ 32, ವಿಶ್ರಾಂತಿಯ ಹಂತಕ್ಕೆ 16, ಎಷ್ಟನೇ ತಲೆಮಾರು ಎಂಬುದಕ್ಕೆ 16. ವಂಶವಾಹಿಯನ್ನು ಬಿಟ್ಟು ಉಳಿದ ಏಳನ್ನು ಕೂಡಿ ನೋಡಿ: ಸರಿಯಾಗಿ 256. ಒಂದು ಬಿಟ್ ಹೆಚ್ಚಿಲ್ಲ, ಒಂದು ಬಿಟ್ ಕಡಿಮೆಯಿಲ್ಲ. ಇದು ಕಾಕತಾಳೀಯವಲ್ಲ. ಬರೆದವರು ಜಾಗವನ್ನು ಅಳೆದು, ಅದಕ್ಕೆ ತಕ್ಕಂತೆ ಬೆಕ್ಕನ್ನು ರೂಪಿಸಿದ್ದರು. ತಾಯಿ–ತಂದೆಯ ಸಂಖ್ಯೆಗೆ 32 ಬಿಟ್ ಮಾತ್ರ ಕೊಟ್ಟಿದ್ದರಿಂದ ಆಟದಲ್ಲಿ ಸುಮಾರು 429 ಕೋಟಿಗಿಂತ ಹೆಚ್ಚು ಬೆಕ್ಕುಗಳು ಇರಲಾರವು. ಆ ಮಿತಿ ಗೊತ್ತಿದ್ದೇ ಅವರು ಒಪ್ಪಿಕೊಂಡಿದ್ದರು.

ಇಷ್ಟು ಲೆಕ್ಕಾಚಾರ ಏಕೆ ಬೇಕಾಯಿತು?

ಸ್ಮಾರ್ಟ್ ಕಾಂಟ್ರಾಕ್ಟ್ ಅಂದರೆ ಬ್ಲಾಕ್‌ಚೈನಿನ ಮೇಲೆ ನೆಲೆಗೊಂಡ ಒಂದು ಪ್ರೋಗ್ರಾಮ್. 2015ರ ಜುಲೈ 30ರಂದು ಚಾಲೂ ಆದ ಇಥೀರಿಯಂನಲ್ಲಿ ಪ್ರತಿ ಕಾಂಟ್ರಾಕ್ಟಿಗೂ ಅದರದೇ ಆದ ಸಂಗ್ರಹ ಇರುತ್ತದೆ. ಈ ಸಂಗ್ರಹಕ್ಕೆ ಫೈಲು, ಫೋಲ್ಡರ್, ಟೇಬಲ್ ಯಾವುದೂ ತಿಳಿಯದು. ಅಂಚೆ ಕಚೇರಿಯಲ್ಲಿ ಪತ್ರ ವಿಂಗಡಿಸುವ ಗೂಡುಗಳಂತೆ ಅಲ್ಲಿ ಇರುವುದು ನಂಬರು ಹಾಕಿದ ಖಾನೆಗಳು ಮಾತ್ರ. ಪ್ರೋಗ್ರಾಮರುಗಳು ಇಂಥ ಖಾನೆಯನ್ನು ಸ್ಲಾಟ್ ಎನ್ನುತ್ತಾರೆ. ಒಂದು ಸ್ಲಾಟಿನಲ್ಲಿ 32 ಬೈಟ್, ಅಂದರೆ 256 ಬಿಟ್ ಹಿಡಿಸುತ್ತದೆ. ಸ್ಲಾಟುಗಳ ಸಂಖ್ಯೆ ಎರಡರ 256ನೆಯ ಘಾತದಷ್ಟು; ವ್ಯವಹಾರದ ಮಟ್ಟಿಗೆ ಅದಕ್ಕೆ ಕೊನೆಯೇ ಇಲ್ಲ. ಎಲ್ಲ ಸ್ಲಾಟುಗಳಲ್ಲೂ ಮೊದಲಿಗೆ ಸೊನ್ನೆ ಇರುತ್ತದೆ.

ಹೀಗೆ ಜಾಗಕ್ಕೆ ಕೊರತೆಯಿಲ್ಲ, ಆದರೆ ಬಾಡಿಗೆ ವಿಪರೀತ. ಇಥೀರಿಯಂನಲ್ಲಿ ಪ್ರತಿ ಕೆಲಸಕ್ಕೂ ಗ್ಯಾಸ್ ಎಂಬ ಅಳತೆಯಲ್ಲಿ ಬೆಲೆ ಕಟ್ಟಲಾಗಿದೆ. ಎರಡು ಸಂಖ್ಯೆಗಳನ್ನು ಕೂಡಲು 3 ಗ್ಯಾಸ್ ಸಾಕು. ಇಥೀರಿಯಂನ ನಾಣ್ಯವಾದ ಈಥರನ್ನು ಒಬ್ಬರಿಂದ ಇನ್ನೊಬ್ಬರಿಗೆ ಸುಮ್ಮನೆ ಕಳಿಸಲು 21,000. ಆದರೆ ಖಾಲಿಯಿದ್ದ ಒಂದೇ ಒಂದು ಸ್ಲಾಟಿನಲ್ಲಿ ಹೊಸದಾಗಿ ಏನಾದರೂ ಬರೆಯಲು 20,000, ಜೊತೆಗೆ ಆ ಸ್ಲಾಟನ್ನು ಮೊದಲ ಬಾರಿ ಮುಟ್ಟಿದ್ದಕ್ಕೆ 2,100. ಅಂದರೆ 32 ಬೈಟ್ ಬರೆಯುವ ಖರ್ಚಿನಲ್ಲಿ ಏಳು ಸಾವಿರಕ್ಕೂ ಹೆಚ್ಚು ಸಲ ಕೂಡುವ ಲೆಕ್ಕ ಮಾಡಬಹುದು.

ಈ ದರದಲ್ಲಿ ಒಂದು ಎಂಬಿ ಗಾತ್ರದ ಫೋಟೊವನ್ನು ಕಾಂಟ್ರಾಕ್ಟಿನೊಳಗೆ ಇಡಲು ಹೊರಟರೆ ಏನಾಗುತ್ತದೆ? ಅದಕ್ಕೆ 32,768 ಸ್ಲಾಟ್ ಬೇಕು, ಸುಮಾರು 72 ಕೋಟಿ ಗ್ಯಾಸ್. ಇಥೀರಿಯಂನ ಒಂದು ಬ್ಲಾಕಿಗೆ ಹಲವು ವರ್ಷ ಇದ್ದ ಮಿತಿ 3 ಕೋಟಿ. ಆ ಮಿತಿಯಲ್ಲಿ ಹನ್ನೆರಡು ಸೆಕೆಂಡಿಗೊಂದು ಬ್ಲಾಕಿನಂತೆ ಇಪ್ಪತ್ತನಾಲ್ಕು ಬ್ಲಾಕುಗಳನ್ನು, ಅಂದರೆ ಪ್ರಪಂಚದ ಎಲ್ಲ ಬಳಕೆದಾರರ ಸುಮಾರು ಐದು ನಿಮಿಷವನ್ನು, ಆ ಒಂದು ಫೋಟೊ ನುಂಗಿಹಾಕುತ್ತಿತ್ತು. ಕ್ರಿಪ್ಟೊಕಿಟೀಸ್ ಬೆಕ್ಕಿನ ಚಿತ್ರ ಬ್ಲಾಕ್‌ಚೈನಿನಲ್ಲಿ ಇಲ್ಲದಿರುವುದಕ್ಕೆ ಇದೇ ಕಾರಣ. ಅಲ್ಲಿರುವುದು ವಂಶವಾಹಿಯ ಆ 256 ಬಿಟ್‌ಗಳು. ಅವನ್ನು ಓದಿ ಮೈಬಣ್ಣ, ಕಣ್ಣು, ಮೀಸೆ ಬಿಡಿಸಿ ತೋರಿಸುವ ಕೆಲಸ ಆಟ ನಡೆಸುವ ಕಂಪನಿಯ ಸರ್ವರಿನದು.

ದುಬಾರಿ ದರಕ್ಕೆ ಹಿನ್ನೆಲೆ ಇದೆ. ಕಾಂಟ್ರಾಕ್ಟಿನಲ್ಲಿ ಬರೆದದ್ದನ್ನು ಜಾಲದ ಪ್ರತಿ ಪೂರ್ಣ ನೋಡ್ (ಜಾಲವನ್ನು ನಡೆಸುವ ಕಂಪ್ಯೂಟರ್) ತನ್ನ ಡಿಸ್ಕಿನಲ್ಲಿ ಇಟ್ಟುಕೊಳ್ಳಬೇಕು. ಬರೆದವರು ದುಡ್ಡು ಕೊಡುವುದು ಒಂದೇ ಸಲ. ಹೊರುವವರು ಮಾತ್ರ ಯಾವತ್ತೂ ಹೊರಬೇಕು. ಓದುವುದೂ ಪುಕ್ಕಟೆಯಲ್ಲ. ಒಂದು ಸ್ಲಾಟ್ ಓದಲು 2015ರಲ್ಲಿ 50 ಗ್ಯಾಸ್ ಇತ್ತು. 2016ರಲ್ಲಿ ದಾಳಿಕೋರರು ಡಿಸ್ಕಿನಿಂದ ಓದಿಸುವ ಅಗ್ಗದ ಆದೇಶಗಳನ್ನೇ ಸಾವಿರಗಟ್ಟಲೆ ಕಳಿಸಿ ಜಾಲವನ್ನು ಮಂಕಾಗಿಸಿದರು. ದರ 200ಕ್ಕೆ ಏರಿತು. 2019ರಲ್ಲಿ 800 ಆಯಿತು, 2021ರ ಏಪ್ರಿಲ್‌ನಲ್ಲಿ 2,100. ಅದೇ ವ್ಯವಹಾರದೊಳಗೆ ಅದೇ ಸ್ಲಾಟನ್ನು ಮತ್ತೆ ಓದಿದರೆ 100 ಸಾಕು. ಹಳೆಯ ದರ ನಂಬಿ ಬರೆದ ಕಾಂಟ್ರಾಕ್ಟುಗಳ ಲೆಕ್ಕ ಪ್ರತಿ ಬಾರಿಯೂ ತಲೆಕೆಳಗಾಯಿತು. ಕೋಡ್ ಬದಲಾಗುವುದಿಲ್ಲ ಎಂಬ ನಂಬಿಕೆಯ ಮೇಲೆ ನಿಂತ ವ್ಯವಸ್ಥೆಯಲ್ಲಿ ಅದರ ಖರ್ಚು ಬದಲಾಗಬಲ್ಲದು ಎಂಬುದನ್ನು ಹೊಸಬರು ಬಹಳ ಬಾರಿ ಮರೆಯುತ್ತಾರೆ.

ಹಾಗಾಗಿ ಅಡಕವಾಗಿ ತುಂಬುವ ಕಲೆಗೆ ಇಲ್ಲಿ ಬೆಲೆ. ಟೋಕನ್ ವಿನಿಮಯದ ಯೂನಿಸ್ವಾಪ್ 2020ರಲ್ಲಿ ತಂದ ಎರಡನೇ ಆವೃತ್ತಿ ಇದಕ್ಕೆ ಒಳ್ಳೆಯ ಪಾಠ. ಅದರ ಪ್ರತಿ ಜೋಡಿ ಕಾಂಟ್ರಾಕ್ಟಿನಲ್ಲಿ ಮೊದಲ ಟೋಕನಿನ ದಾಸ್ತಾನಿಗೆ 112 ಬಿಟ್, ಎರಡನೆಯದಕ್ಕೆ 112 ಬಿಟ್, ಕೊನೆಯ ಬಾರಿ ಲೆಕ್ಕ ಹಚ್ಚಿದ ಸಮಯಕ್ಕೆ 32 ಬಿಟ್. ಮೂರೂ ಸೇರಿ ಒಂದೇ ಸ್ಲಾಟ್. ಪ್ರತಿ ವಿನಿಮಯದಲ್ಲೂ ಈ ಮೂರು ಸಂಖ್ಯೆಗಳು ಒಟ್ಟಿಗೇ ಬೇಕಾಗುತ್ತವೆ, ಒಟ್ಟಿಗೇ ಬದಲಾಗುತ್ತವೆ. ಒಂದೇ ಓದು, ಒಂದೇ ಬರಹ. 32 ಬಿಟ್ಟಿನ ಗಡಿಯಾರ 2106ರಲ್ಲಿ ಸುತ್ತು ಮುಗಿಸಿ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. ಆಗಲೂ ಕಾಲದ ಅಂತರ ಸರಿಯಾಗಿ ಬರುವಂತೆ ಕೋಡ್ ಬರೆದಿದ್ದಾರೆ. ಜಾಗ ಉಳಿಸುವುದು ಎಂದರೆ ಬರಿಯ ಸಂಖ್ಯೆಗಳನ್ನು ಕುಗ್ಗಿಸುವುದಲ್ಲ. ಯಾವ ಮಾಹಿತಿ ಯಾವುದರ ಜೊತೆ ಓಡಾಡುತ್ತದೆ ಎಂದು ನೋಡಿ ಒಟ್ಟಿಗೆ ಕೂರಿಸುವುದು.

ಇದರಲ್ಲಿ ಎಡವಲು ದೊಡ್ಡ ತಪ್ಪೇ ಆಗಬೇಕಿಲ್ಲ. ಸಾಲಿಡಿಟಿ ಭಾಷೆಯಲ್ಲಿ 128 ಬಿಟ್, 256 ಬಿಟ್, 128 ಬಿಟ್ ಎಂಬ ಅನುಕ್ರಮದಲ್ಲಿ ಮೂರು ಚರಗಳನ್ನು ಘೋಷಿಸಿದರೆ ಮೂರು ಸ್ಲಾಟ್ ಹೋಗುತ್ತವೆ. ಎರಡು 128ಗಳನ್ನು ಅಕ್ಕಪಕ್ಕ ಬರೆದರೆ ಎರಡೇ ಸಾಕು. ಕಂಪೈಲರ್ ತಾನಾಗಿ ಸಾಲು ಬದಲಿಸುವುದಿಲ್ಲ, ಬರೆದ ಕ್ರಮವನ್ನೇ ಪಾಲಿಸುತ್ತದೆ.

ಟೋಕನ್ನುಗಳ ವಿಷಯಕ್ಕೆ ಬಂದರೆ, ಟೋಕನ್ ತಮ್ಮ ವ್ಯಾಲೆಟ್ಟಿನೊಳಗೆ ಇದೆ ಎಂದು ಬಹಳಷ್ಟು ಜನ ತಿಳಿದಿದ್ದಾರೆ. ಹಾಗಲ್ಲ. 2015ರ ನವೆಂಬರ್‌ನಲ್ಲಿ ಪ್ರಸ್ತಾಪವಾದ ಇಆರ್‌ಸಿ-20 ಮಾದರಿಯ ಟೋಕನ್ ಎಂದರೆ ಒಂದು ಕಾಂಟ್ರಾಕ್ಟ್. ಯಾವ ವಿಳಾಸಕ್ಕೆ ಎಷ್ಟು ಬಾಕಿ ಎಂಬ ಲೆಕ್ಕ ಅದರೊಳಗೇ ಇರುತ್ತದೆ. ಈ ಲೆಕ್ಕವನ್ನು ಇಡುವುದು ಮ್ಯಾಪಿಂಗ್ ಎಂಬ ರಚನೆಯಲ್ಲಿ. ಒಬ್ಬರ ವಿಳಾಸವನ್ನೂ ಮ್ಯಾಪಿಂಗಿನ ಸ್ಲಾಟ್ ಸಂಖ್ಯೆಯನ್ನೂ ಜೋಡಿಸಿ ಕೆಚಾಕ್-256 ಎಂಬ ಹ್ಯಾಶ್ ಸೂತ್ರಕ್ಕೆ ಹಾಕಿದರೆ ಒಂದು ಅಗಾಧ ಸಂಖ್ಯೆ ಬರುತ್ತದೆ. ಆ ಸಂಖ್ಯೆಯ ಸ್ಲಾಟಿನಲ್ಲಿ ಅವರ ಬಾಕಿ ಇರುತ್ತದೆ. ಖಾನೆಗಳು ಅಷ್ಟೊಂದು ಇರುವುದರಿಂದ ಇಬ್ಬರದ್ದು ಒಂದೇ ಕಡೆ ಬೀಳುವ ಭಯವಿಲ್ಲ.

ಈ ಏರ್ಪಾಡು ಚೊಕ್ಕವಾಗಿದೆ. ಲಕ್ಷಾಂತರ ಜನರಿದ್ದರೂ ಒಬ್ಬರ ಬಾಕಿ ನೋಡಲು ಒಂದೇ ಓದು. ಆದರೆ ಇದಕ್ಕೆ ಎರಡು ಕುಂದುಗಳಿವೆ. ಒಂದು, ‘ಇವರ ಬಳಿ ಎಷ್ಟಿದೆ’ ಎಂಬ ಪ್ರಶ್ನೆಗೆ ಕಾಂಟ್ರಾಕ್ಟ್ ತಟ್ಟನೆ ಉತ್ತರಿಸುತ್ತದೆ. ‘ಯಾರ್ಯಾರ ಬಳಿ ಇದೆ’ ಎಂದು ಕೇಳಿದರೆ ಅದಕ್ಕೆ ಉತ್ತರವೇ ಇಲ್ಲ, ಏಕೆಂದರೆ ವಿಳಾಸಗಳ ಪಟ್ಟಿಯನ್ನು ಅದು ಇಟ್ಟುಕೊಂಡಿಲ್ಲ. ಇನ್ನೊಂದು, ಎಂದೂ ಬರೆಯದ ಸ್ಲಾಟಿನಲ್ಲೂ ಸೊನ್ನೆ, ಸೊನ್ನೆ ಎಂದು ಬರೆದ ಸ್ಲಾಟಿನಲ್ಲೂ ಸೊನ್ನೆ. ‘ಇಲ್ಲ’ ಎಂಬುದಕ್ಕೂ ‘ಸೊನ್ನೆ’ ಎಂಬುದಕ್ಕೂ ಅಂತರ ತಿಳಿಯದು. ಕ್ರಿಪ್ಟೊಕಿಟೀಸ್ ಬರೆದವರು ಇದಕ್ಕೊಂದು ಉಪಾಯ ಕಂಡುಕೊಂಡರು. ಆಟ ಶುರುವಾಗುವ ಮೊದಲೇ ಸೊನ್ನೆ ನಂಬರಿನ ಒಂದು ಬೆಕ್ಕನ್ನು ಸೃಷ್ಟಿಸಿ ಪಕ್ಕಕ್ಕಿಟ್ಟರು. ಮುಂದೆ ಯಾವ ಬೆಕ್ಕಿನ ತಾಯಿಯ ಜಾಗದಲ್ಲಿ ಸೊನ್ನೆ ಕಂಡರೂ ಅದಕ್ಕೆ ತಾಯಿ ಇಲ್ಲ ಎಂದೇ ಅರ್ಥ.

ಪಟ್ಟಿ ಬೇಕೆಂದರೆ ಅರೇ, ಅಂದರೆ ಒಂದರ ನಂತರ ಒಂದಾಗಿ ಬರೆದಿಡುವ ರಚನೆ, ಬಳಸಬಹುದಲ್ಲ ಎಂದು ಯಾರಿಗಾದರೂ ತೋಚುತ್ತದೆ. ಬಳಸಬಹುದು. ಅದರ ಅಪಾಯವನ್ನು 2016ರಲ್ಲೇ ಗವರ್ನ್‌ಮೆಂಟಲ್ ಎಂಬ ಕಾಂಟ್ರಾಕ್ಟ್ ತೋರಿಸಿಕೊಟ್ಟಿತು. ಅದು ಬಹಿರಂಗವಾಗಿಯೇ ಪೊಂಜಿ ಆಟ. ಸೇರುವವರು ಕನಿಷ್ಠ ಒಂದು ಈಥರ್ ಹಾಕಬೇಕು. ಹನ್ನೆರಡು ಗಂಟೆ ಯಾರೂ ಹಾಕದಿದ್ದರೆ ಕೊನೆಗೆ ಹಾಕಿದವರಿಗೆ ಕೂಡಿಟ್ಟ ಬಹುಮಾನ. ಸೇರಿದವರನ್ನೆಲ್ಲ ಒಂದು ಅರೇಯಲ್ಲಿ ಬರೆದಿಡಲಾಗುತ್ತಿತ್ತು. ಬಹುಮಾನ ಕೊಡುವಾಗ ಹೊಸ ಸುತ್ತಿಗಾಗಿ ಆ ಪಟ್ಟಿಯನ್ನು ಅಳಿಸಬೇಕು. ಅಳಿಸುವುದು ಎಂದರೆ ಪ್ರತಿ ಸ್ಲಾಟಿಗೂ ಹೋಗಿ ಸೊನ್ನೆ ಬರೆಯುವುದು. ಒಬ್ಬರಿಗೆ 1,100 ಈಥರ್ ಬಹುಮಾನ ಬಂತು. ಅಷ್ಟರಲ್ಲಿ ಪಟ್ಟಿ ಎಷ್ಟು ಬೆಳೆದಿತ್ತೆಂದರೆ ಅಳಿಸಲು 50 ಲಕ್ಷಕ್ಕೂ ಹೆಚ್ಚು ಗ್ಯಾಸ್ ಬೇಕಿತ್ತು. ಒಂದು ವ್ಯವಹಾರಕ್ಕೆ ಆಗ ಸಿಗುತ್ತಿದ್ದದ್ದು ಸುಮಾರು 47 ಲಕ್ಷ. ಹಣ ಕಣ್ಣೆದುರೇ ಇದೆ, ಗೆದ್ದವರಾರು ಎಂಬುದರಲ್ಲಿ ವಿವಾದವಿಲ್ಲ, ಕೋಡಿನಲ್ಲಿ ಕಳ್ಳತನವೂ ಇಲ್ಲ. ಆದರೂ ಕೊಡಲು ಸಾಧ್ಯವಿಲ್ಲ! ಜಾಲದ ಮಿತಿ ಏರುವವರೆಗೂ ಆ ದುಡ್ಡು ಅಲ್ಲೇ ಸಿಕ್ಕಿಕೊಂಡಿತ್ತು.

ಸಾಮಾನ್ಯ ಡೇಟಾಬೇಸಿನಲ್ಲಿ ಪಟ್ಟಿ ಉದ್ದವಾದರೆ ಕೆಲಸ ನಿಧಾನವಾಗುತ್ತದೆ. ಇಲ್ಲಿ ಕೆಲಸ ನಡೆಯುವುದೇ ಇಲ್ಲ. ಅಂದಿನಿಂದ ಅನುಭವಸ್ಥರು, ಹೊರಗಿನವರು ಬೆಳೆಸಬಹುದಾದ ಪಟ್ಟಿಯ ಮೇಲೆ ಮೊದಲಿಂದ ಕೊನೆಯವರೆಗೆ ಓಡುವ ಕೋಡನ್ನು ಬರೆಯುವುದಿಲ್ಲ. ಕಾಂಟ್ರಾಕ್ಟ್ ತಾನೇ ಎಲ್ಲರಿಗೂ ಹಂಚುವ ಬದಲು, ಅವರವರ ಪಾಲನ್ನು ಅವರವರೇ ಬಂದು ತೆಗೆದುಕೊಳ್ಳುವಂತೆ ರೂಪಿಸುತ್ತಾರೆ. ಪಟ್ಟಿ ಹೊರಜಗತ್ತಿಗೆ ಮಾತ್ರ ಬೇಕಿದ್ದರೆ ಇವೆಂಟ್ ಎಂಬ ಅಗ್ಗದ ದಾರಿಯಿದೆ. ಇವೆಂಟಿನ ಮಾಹಿತಿ ಲಾಗ್‌ಗೆ ಹೋಗುತ್ತದೆ, ಬೈಟಿಗೆ 8 ಗ್ಯಾಸ್ ಮತ್ತು ಸ್ವಲ್ಪ ಮೂಲ ಶುಲ್ಕ. ಟೋಕನ್ ಹೊಂದಿದವರ ಪಟ್ಟಿಯನ್ನು ಈಥರ್‌ಸ್ಕ್ಯಾನ್‌ನಂಥ ತಾಣಗಳು ತೋರಿಸುವುದು ಈ ಲಾಗುಗಳನ್ನು ಕೂಡಿಸಿಯೇ. ಒಂದೇ ಕಟ್ಟಳೆ: ತಾನು ಬರೆದ ಲಾಗನ್ನು ಕಾಂಟ್ರಾಕ್ಟ್ ತಾನೇ ಮತ್ತೆ ಓದಲಾರದು.

ಖಾಲಿ ಮಾಡಿದವರಿಗೆ ಪ್ರೋತ್ಸಾಹ ಕೊಟ್ಟು ನೋಡಿದ್ದೂ ಆಯಿತು. ಸ್ಲಾಟನ್ನು ಸೊನ್ನೆ ಮಾಡಿದರೆ 15,000 ಗ್ಯಾಸ್ ಹಿಂದಿರುಗುತ್ತಿತ್ತು. ಅದನ್ನೇ ಹಿಡಿದು ಗ್ಯಾಸ್‌ಟೋಕನ್ ಎಂಬುದು ಹುಟ್ಟಿತು: ಗ್ಯಾಸ್ ಬೆಲೆ ಇಳಿದಾಗ ಉಪಯೋಗವಿಲ್ಲದ ಕಸವನ್ನು ಸ್ಲಾಟುಗಳಲ್ಲಿ ತುಂಬಿಟ್ಟು, ಬೆಲೆ ಏರಿದಾಗ ಅಳಿಸಿ ಲಾಭ ಮಾಡಿಕೊಳ್ಳುವುದು. ಜಾಗ ಉಳಿಸಲೆಂದು ತಂದ ನಿಯಮವೇ ಜಾಗ ತಿನ್ನತೊಡಗಿತು. 2021ರ ಆಗಸ್ಟ್‌ನಲ್ಲಿ ಆ ಮರುಪಾವತಿಯನ್ನು 4,800ಕ್ಕೆ ಇಳಿಸಿ ಈ ದಂಧೆಯನ್ನು ನಿಲ್ಲಿಸಲಾಯಿತು.

ಖರ್ಚಿನ ತಪ್ಪುಗಳಿಗಿಂತ ಭಯಂಕರವಾದದ್ದು ಜೋಡಣೆಯ ತಪ್ಪು. ಕಾಂಟ್ರಾಕ್ಟಿನ ಕೋಡನ್ನು ಒಮ್ಮೆ ಏರಿಸಿದ ಮೇಲೆ ತಿದ್ದಲಾಗದು. ಹಾಗಾಗಿ ದೊಡ್ಡ ಯೋಜನೆಗಳು ಪ್ರಾಕ್ಸಿ ಎಂಬ ವ್ಯವಸ್ಥೆ ಮಾಡಿಕೊಳ್ಳುತ್ತವೆ. ಮಾಹಿತಿ ಒಂದು ಕಾಂಟ್ರಾಕ್ಟಿನಲ್ಲಿ, ತರ್ಕ ಇನ್ನೊಂದರಲ್ಲಿ. ಎರಡನೆಯದರ ಕೋಡನ್ನು ಎರವಲು ತಂದು ಮೊದಲನೆಯದರ ಸ್ಲಾಟುಗಳ ಮೇಲೆ ಓಡಿಸಲಾಗುತ್ತದೆ. ತರ್ಕ ಬದಲಿಸಬೇಕೆನಿಸಿದರೆ ಹೊಸ ಕಾಂಟ್ರಾಕ್ಟಿನತ್ತ ಬೆರಳು ತೋರಿಸಿದರಾಯಿತು. ಆದರೆ ಓಡುವ ಕೋಡಿಗೆ ಚರದ ಹೆಸರುಗಳು ತಿಳಿದಿರುವುದಿಲ್ಲ, ಸ್ಲಾಟ್ ಸಂಖ್ಯೆ ಮಾತ್ರ ಗೊತ್ತು. ಪ್ರಾಕ್ಸಿ ಸೊನ್ನೆಯ ಸ್ಲಾಟಿನಲ್ಲಿ ಒಂದನ್ನು ಇಟ್ಟಿದ್ದು, ತರ್ಕದ ಕೋಡ್ ಅದೇ ಸ್ಲಾಟಿನಲ್ಲಿ ಬೇರೊಂದು ಇದೆ ಎಂದು ನಂಬಿದರೆ, ಎಚ್ಚರಿಸುವವರು ಯಾರೂ ಇಲ್ಲ.

ಸಂಗೀತ ವೇದಿಕೆ ಆಡಿಯಸ್‌ನಲ್ಲಿ ನಡೆದದ್ದು ಇದೇ. ಅದರ ಪ್ರಾಕ್ಸಿ ತನ್ನ ಆಡಳಿತಗಾರನ ವಿಳಾಸವನ್ನು ಸೊನ್ನೆಯ ಸ್ಲಾಟಿನಲ್ಲಿ ಇಟ್ಟಿತ್ತು. ತರ್ಕದ ಕಾಂಟ್ರಾಕ್ಟ್ ಅದೇ ಸ್ಲಾಟಿನ ಕೊನೆಯ ಬೈಟನ್ನು ‘ಆರಂಭ ಮುಗಿದಿದೆ’ ಎಂಬ ಗುರುತಾಗಿಯೂ, ಅದರ ಹಿಂದಿನ ಬೈಟನ್ನು ‘ಆರಂಭ ನಡೆಯುತ್ತಿದೆ’ ಎಂಬ ಗುರುತಾಗಿಯೂ ಓದುತ್ತಿತ್ತು. ವಿಳಾಸದ ಕೊನೆಯ ಎರಡೂ ಬೈಟುಗಳು ಸೊನ್ನೆಯಾಗಿರಲಿಲ್ಲ. ಸೊನ್ನೆಯಲ್ಲದ್ದೆಲ್ಲ ‘ಹೌದು’. ಹಾಗಾಗಿ ಆರಂಭ ಸದಾ ನಡೆಯುತ್ತಲೇ ಇದೆ ಎಂದು ಕೋಡ್ ನಂಬಿತು, ಒಮ್ಮೆ ಮಾತ್ರ ಕರೆಯಬೇಕಿದ್ದ ಆರಂಭದ ಫಂಕ್ಷನ್ ಯಾರು ಬೇಕಾದರೂ ಕರೆಯುವಂತೆ ತೆರೆದುಕೊಂಡಿತು. ಆಡಿಟ್ ಆಗಿದ್ದ ಈ ಕೋಡ್ 2020ರಿಂದ ಹಾಗೆಯೇ ಇತ್ತು. 2022ರ ಜುಲೈ 23ರಂದು ದಾಳಿಕೋರ ಆ ಬಾಗಿಲಿನಿಂದ ಒಳಹೊಕ್ಕು, ಮತದಾನದ ನಿಯಮಗಳನ್ನು ತನಗೆ ಬೇಕಾದಂತೆ ಬರೆದುಕೊಂಡು, ಸಮುದಾಯದ ಖಜಾನೆಯಿಂದ 1.8 ಕೋಟಿಗೂ ಹೆಚ್ಚು ಆಡಿಯೊ ಟೋಕನ್ನುಗಳನ್ನು ಸಾಗಿಸಿದ. ಎರಡು ಬೈಟುಗಳು ಎಲ್ಲಿ ಕೂತಿವೆ ಎಂಬುದಷ್ಟೇ ಇಲ್ಲಿನ ದೋಷ.

ಇದಕ್ಕೆ ಮದ್ದು ಮೊದಲೇ ಇತ್ತು. 2019ರ ಇಐಪಿ-1967 ಎಂಬ ಪ್ರಸ್ತಾವದಂತೆ ಪ್ರಾಕ್ಸಿ ತನ್ನ ಸ್ವಂತ ಮಾಹಿತಿಯನ್ನು ಸೊನ್ನೆ, ಒಂದರಲ್ಲಿ ಇಡದೆ ಹ್ಯಾಶ್‌ನಿಂದ ಪಡೆದ ದೂರದ ಸ್ಲಾಟಿನಲ್ಲಿ ಇಡಬೇಕು. ಜೊತೆಗೆ, ತರ್ಕದ ಹೊಸ ಆವೃತ್ತಿ ಬರೆಯುವಾಗ ಹಳೆಯ ಚರಗಳ ಸಾಲನ್ನು ಮುಟ್ಟದೆ ಹೊಸದನ್ನು ಕೊನೆಗೇ ಸೇರಿಸಬೇಕು. ತರ್ಕವನ್ನು ಎಷ್ಟು ಜಾಗರೂಕತೆಯಿಂದ ಪರೀಕ್ಷಿಸುತ್ತಾರೋ ಅಷ್ಟೇ ಜಾಗರೂಕತೆ ಸ್ಲಾಟುಗಳ ನಕ್ಷೆಗೂ ಬೇಕು; ಈಗಲೂ ಅನೇಕ ತಂಡಗಳು ಅದನ್ನು ಕಂಪೈಲರಿನ ತಲೆನೋವು ಎಂದು ಬಿಟ್ಟುಬಿಡುವುದು ವಿಷಾದದ ಸಂಗತಿ.

ದುಬಾರಿಯಾದರೂ ಸರಿ, ಒಳಗೇ ಇಡುತ್ತೇವೆ ಎಂದು ಹೊರಟವರೂ ಇದ್ದಾರೆ. 2017ರಲ್ಲಿ ಬಂದ ಕ್ರಿಪ್ಟೊಪಂಕ್ಸ್‌ನ 10,000 ಮುಖಗಳ ಚಿತ್ರಕ್ಕೆ ಮೊದಲು ಬ್ಲಾಕ್‌ಚೈನಿನಲ್ಲಿ ಇದ್ದದ್ದು ಒಂದೇ ಹ್ಯಾಶ್. 2021ರ ಆಗಸ್ಟ್‌ನಲ್ಲಿ ಅದನ್ನು ರಚಿಸಿದ ಲಾರ್ವಾ ಲ್ಯಾಬ್ಸ್ ಎಲ್ಲ ಚಿತ್ರಗಳನ್ನೂ ಕಾಂಟ್ರಾಕ್ಟಿಗೆ ಸೇರಿಸಿತು. ಹತ್ತು ಸಾವಿರ ಚಿತ್ರಗಳನ್ನು ಇಡಿಯಾಗಿ ಇಡಲಿಲ್ಲ. ಟೋಪಿ, ಕನ್ನಡಕ, ಗಡ್ಡದಂಥ ಬಿಡಿ ಭಾಗಗಳನ್ನು ಒಂದೊಂದೇ ಸಲ ಇಟ್ಟು, ಯಾವ ಮುಖಕ್ಕೆ ಯಾವ ಭಾಗ ಎಂಬುದನ್ನು ಕೆಲವೇ ಬೈಟುಗಳಲ್ಲಿ ಬರೆದರು. ಕೇಳಿದಾಗ ಕಾಂಟ್ರಾಕ್ಟೇ 24x24 ಚುಕ್ಕೆಗಳ ಮುಖವನ್ನು ಜೋಡಿಸಿಕೊಡುತ್ತದೆ.

ಉಳಿದವರು ಮಾಹಿತಿಯನ್ನು ಹೊರಗಿಟ್ಟು ಅದರ ಹ್ಯಾಶ್ ಮಾತ್ರ ಒಳಗಿಡುತ್ತಾರೆ. 2022ರಲ್ಲಿ ಮಹಾರಾಷ್ಟ್ರದ ಗಡಚಿರೋಲಿ ಜಿಲ್ಲೆಯ ಏಟಾಪಲ್ಲಿಯಲ್ಲಿ ಸುಮಾರು 65,000 ಜಾತಿ ಪ್ರಮಾಣಪತ್ರಗಳನ್ನು ಪಾಲಿಗಾನ್ ಬ್ಲಾಕ್‌ಚೈನಿನ ನೆರವಿನಿಂದ ನೀಡುವ ಯೋಜನೆ ಆರಂಭವಾಯಿತು. ಇಂಥ ವ್ಯವಸ್ಥೆಗಳ ಸಾಮಾನ್ಯ ರೀತಿ ಹೀಗೆ: ಪತ್ರ ಜನರ ಕೈಯಲ್ಲಿರುತ್ತದೆ, ಬ್ಲಾಕ್‌ಚೈನಿನಲ್ಲಿ ಅದರ 32 ಬೈಟಿನ ಹ್ಯಾಶ್. ಪತ್ರದಲ್ಲಿ ಒಂದು ಅಕ್ಷರ ತಿದ್ದಿದರೂ ಹ್ಯಾಶ್ ತಾಳೆಯಾಗುವುದಿಲ್ಲ. ಪ್ರತಿ ಪತ್ರಕ್ಕೂ ಒಂದು ಸ್ಲಾಟ್ ಸುರಿಯಬೇಕಾಗಿಯೂ ಇಲ್ಲ. ಹ್ಯಾಶ್‌ಗಳನ್ನು ಎರಡೆರಡಾಗಿ ಜೋಡಿಸುತ್ತ ಮೇಲೇರಿದರೆ ಮರ್ಕಲ್ ಮರ ಸಿಗುತ್ತದೆ. 65,000 ಪತ್ರಗಳಿದ್ದರೂ ತುದಿಯಲ್ಲಿ ಒಂದೇ ಹ್ಯಾಶ್, ಒಂದೇ ಸ್ಲಾಟ್. ಒಬ್ಬರ ಪತ್ರ ಆ ಮರದಲ್ಲಿದೆ ಎಂದು ರುಜುವಾತು ಮಾಡಲು 16 ಹ್ಯಾಶ್‌ಗಳನ್ನು ತೋರಿಸಿದರೆ ಸಾಕು.

ಸರ್ಕಾರಿ ಕಚೇರಿಗಳು ಈ ದಾರಿ ಹಿಡಿಯುವುದಾದರೆ ಹ್ಯಾಶ್ ಹಾಕಿದ ಮಾತ್ರಕ್ಕೆ ಗುಟ್ಟು ಕಾಪಾಡಿದಂತಾಯಿತು ಎಂಬ ತಪ್ಪು ತಿಳಿವಳಿಕೆಯನ್ನು ಮೊದಲು ಕೈಬಿಡಬೇಕು. ಸಾಲಿಡಿಟಿಯಲ್ಲಿ ‘ಪ್ರೈವೇಟ್’ ಎಂದು ಬರೆದ ಚರವನ್ನೂ ಯಾರು ಬೇಕಾದರೂ ಓದಬಹುದು. ಆ ಪದ ತಡೆಯುವುದು ಬೇರೆ ಕಾಂಟ್ರಾಕ್ಟುಗಳನ್ನು ಮಾತ್ರ. ನೋಡ್ ಒಂದಕ್ಕೆ ಸ್ಲಾಟ್ ಸಂಖ್ಯೆ ಹೇಳಿ ಕೇಳುವ ಮನುಷ್ಯರನ್ನಲ್ಲ. ಹ್ಯಾಶ್‌ನ ಪಾಡೂ ಅಷ್ಟೇ. ಹನ್ನೆರಡು ಅಂಕಿಯ ಆಧಾರ್ ಸಂಖ್ಯೆಯನ್ನು ಹಾಗೇ ಹ್ಯಾಶ್ ಮಾಡಿ ಇಟ್ಟರೆ, ಸಾಧ್ಯವಿರುವ ಸಂಖ್ಯೆಗಳೇ ಹೆಚ್ಚೆಂದರೆ ಒಂದು ಲಕ್ಷ ಕೋಟಿ. ಸೆಕೆಂಡಿಗೆ 100 ಕೋಟಿಯಂತೆ ಒಂದೊಂದನ್ನೂ ಹ್ಯಾಶ್ ಮಾಡಿ ನೋಡುವ ಯಂತ್ರಕ್ಕೆ ಹದಿನೇಳು ನಿಮಿಷ ಸಾಕು. ಹೆಸರು, ಹುಟ್ಟಿದ ದಿನ, ಊರು ಸೇರಿಸಿದ ಹ್ಯಾಶ್ ಕೂಡ ಮತದಾರರ ಪಟ್ಟಿ ಕೈಯಲ್ಲಿರುವವರ ಎದುರು ಹೆಚ್ಚು ಹೊತ್ತು ನಿಲ್ಲದು.

ಅಳಿಸುವ ಮಾತಂತೂ ಇನ್ನೂ ಕಠಿಣ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ತಮ್ಮ ಮಾಹಿತಿಯನ್ನು ತಿದ್ದಿಸುವ, ಅಳಿಸುವ ಹಕ್ಕು ಜನರಿಗಿದೆ. ಸ್ಲಾಟಿಗೆ ಸೊನ್ನೆ ಬರೆದರೆ ಇವತ್ತಿನ ಸ್ಥಿತಿಯಿಂದ ಅದು ಹೋಗುತ್ತದೆ. ಅದನ್ನು ಬರೆಸಿದ ಹಳೆಯ ವ್ಯವಹಾರ ಮಾತ್ರ ಹಳೆಯ ಬ್ಲಾಕಿನಲ್ಲಿ ಹಾಗೇ ಉಳಿಯುತ್ತದೆ, ಯಾರು ಬೇಕಾದರೂ ಹೋಗಿ ಓದಬಹುದು. ಆದ್ದರಿಂದ ಜಾತಿ, ರೋಗ, ಜಮೀನಿನ ತಕರಾರಿನಂಥ ವಿವರಗಳನ್ನು ಯಾವ ರೂಪದಲ್ಲೂ ನೇರವಾಗಿ ಬ್ಲಾಕ್‌ಚೈನಿಗೆ ಸೇರಿಸಕೂಡದು. ಪ್ರತಿ ಪತ್ರಕ್ಕೂ ಬೇರೆ ಬೇರೆ ಉದ್ದನೆಯ ಯಾದೃಚ್ಛಿಕ ಸಂಖ್ಯೆಯೊಂದನ್ನು ಬೆರೆಸಿ ಆಮೇಲೆ ಹ್ಯಾಶ್ ಮಾಡಬೇಕು. ಆ ಸಂಖ್ಯೆ ಪತ್ರದ ಕ್ಯೂಆರ್ ಕೋಡಿನಲ್ಲೂ ಕಚೇರಿಯ ದಾಖಲೆಯಲ್ಲೂ ಇರಬೇಕು, ಬ್ಲಾಕ್‌ಚೈನಿನಲ್ಲಿ ಇರಬಾರದು. ಪತ್ರ ರದ್ದಾದ ದಿನ ಆ ಎರಡೂ ಕಡೆ ಸಂಖ್ಯೆಯನ್ನು ನಾಶ ಮಾಡಿದರೆ, ಉಳಿದ 32 ಬೈಟಿನಿಂದ ಯಾರೂ ಯಾರ ಗುರುತನ್ನೂ ಹೊರತೆಗೆಯಲಾರರು. ಟೆಂಡರ್ ಕರೆಯುವ ಅಧಿಕಾರಿ ಗುತ್ತಿಗೆದಾರರಿಂದ ಯಾವ ಬ್ಲಾಕ್‌ಚೈನ್ ಎಂದು ಕೇಳುವುದಕ್ಕೂ ಮುಂಚೆ, ಈ ಸಂಖ್ಯೆ ಎಲ್ಲಿರುತ್ತದೆ, ಅದನ್ನು ಅಳಿಸುವ ಅಧಿಕಾರ ಯಾರ ಕೈಯಲ್ಲಿರುತ್ತದೆ ಎಂದು ಬರವಣಿಗೆಯಲ್ಲಿ ಕೇಳಿ ಪಡೆಯಬೇಕು.